ಕಡಾ ತಂದ ಹತ್ತು

ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಪೆನ್ಸಿಲ್ಲಿನದು,
ಕೆಳಗೆ ಗೆರೆ ಎಳೆದು ಆಮೇಲೆ ಸೇರಿಸಿದ ಕೊನೆಯ ಸಾಲು.
ಇವತ್ತು ಅಸುಂಡಿ ಅಕ್ಕೋರು ರಬ್ಬರು ಕೈಗೆ ತಗೊಂಡು
ಯಾಕೋ ಮತ್ತೆ ಡ್ರಾಯರಿನಲ್ಲಿಟ್ಟರು.
“ಇರಲಿ ಬಿಡವಾ, ಮಾರ್ಚಿಗೆ ಹೆಂಗೂ ಪುಸ್ತಕ ಬದಲಾಗ್ತದ.”

ಬೆಟಗೇರಿಯ ಈ ಶಾಲೆಗೆ ಗಂಟೆ ಬೇಕಿಲ್ಲ.
ಹಿಂದಿನ ಓಣಿಯ ಮಗ್ಗ ನಿಂತರೆ ಊಟ,
ಮತ್ತೆ ಶುರುವಾದರೆ ಗಣಿತ.
ಮೊದಲ ವಾರ ಆ ಸದ್ದಿನ ಮೇಲೆ ಕೂಗಿ ಕೂಗಿ
ಗಂಟಲು ಕೂತಿತ್ತು.
“ಮಗ್ಗದ ಕೂಡ ಜಗಳಾಡಬ್ಯಾಡ್ರಿ, ಸಣ್ಣ ಅಕ್ಕೋರ,”
ಅಂದಿದ್ದ ಬಾಳೇಶ, “ಅದರ ನಡುನಡುವ ಮಾತಾಡ್ರಿ.”
ಅವನ ಅವ್ವ ಹಾಗೇ ಮಾತಾಡುತ್ತಾಳಂತೆ:
ಲಾಳಿ ಹೋಗಿ ಬರುವುದರೊಳಗೆ ಒಂದು ಬೈಗುಳ.

ಹದಿನಾರು ವಾರ. ನಲವತ್ತು ಪಾಠಯೋಜನೆ.
ಉದ್ದೇಶ: ವಿದ್ಯಾರ್ಥಿಗಳು ಅರ್ಥಮಾಡಿಕೊಳ್ಳುವರು.
ಬೋಧನೋಪಕರಣ: ಜೋಳದ ದಂಟಿನ ಕಡ್ಡಿ, ಹತ್ತರ ಕಟ್ಟು.
ಕಟ್ಟಲು ನೂಲು ತಂದವಳು ತನುಜಾ,
ಮಗ್ಗದಡಿ ಬಿದ್ದ ತುಂಡುನೂಲು,
ಕಂದು, ಹಸಿರು, ಎಲ್ಲೋ ಒಂದೆಳೆ ಜರಿ.
ಹತ್ತು ಎಣಿಸಿ ಕಟ್ಟು ಅಂದರೆ
ಒಮ್ಮೆ ಎಂಟು, ಒಮ್ಮೆ ಹನ್ನೆರಡು;
ಗಂಟು ಮಾತ್ರ ನೇಕಾರರ ಗಂಟು,
ಯಾರಪ್ಪನಿಗೂ ಬಿಚ್ಚಲು ಬಾರದು.

ಪಾಠ ವೀಕ್ಷಣೆಯ ದಿನ
ಹಿಂದಿನ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ
ಕೂತಿದ್ದರು ಕಾಲೇಜಿನ ಪ್ರಾಚಾರ್ಯರು.
ನಲವತ್ತೆರಡರಲ್ಲಿ ಹದಿನೇಳು.
ಎರಡರಾಗ ಏಳು ಹೋಗಂಗಿಲ್ಲ, ಏನ್ ಮಾಡೂಣು?
ಬಾಜೂ ಮನಿಗೆ ಹೋಗೂಣು, ಹತ್ತು ಕಡಾ ತರೂಣು!
ಇಡೀ ವರ್ಗ ಒಂದೇ ಉಸಿರಿಗೆ,
ಯೋಜನೆಯಲ್ಲಿ ಬರೆದ ನಿಮಿಷಕ್ಕೆ ಸರಿಯಾಗಿ.
ಆಗ ತನುಜಾ ಎದ್ದು ನಿಂತಳು.
“ತಂದ ಹತ್ತು ಯಾವಾಗ ವಾಪಸ್ ಕೊಡೂದ್ರಿ?”

ಮಗ್ಗ ಹೋಯಿತು, ಬಂತು, ಹೋಯಿತು.
ಒಂದು ಮಗುವೂ ನಗಲಿಲ್ಲ.
ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಹಿಡಿದು
ಓಡಾಡಿದ ಕೈಗಳು ಅವು;
ಎಲ್ಲರೂ ನನ್ನನ್ನೇ ನೋಡಿದರು.
“ಲೆಕ್ಕದಾಗ ಕೊಡೂದಿಲ್ಲವಾ,” ಅಂದೆ.
“ಅಂದ್ರ ಅದು ಕಡಾ ಅಲ್ಲ ಬಿಡ್ರಿ.” ಕೂತಳು.
ಪ್ರಾಚಾರ್ಯರ ಷರಾ: ವರ್ಗ ನಿಯಂತ್ರಣ ಸುಧಾರಿಸಬೇಕು.

ಇವತ್ತು ಬೀಳ್ಕೊಡುಗೆ ಅಂತ ಏನೂ ಇಲ್ಲ.
ತತ್ತಿಯ ದಿನ. ದಾದಾಪೀರ ತನ್ನದನ್ನು ಸುಲಿದು
ಹಳದಿಯನ್ನು ನನ್ನ ತಾಟಿನಂಚಿಗಿಟ್ಟು ಓಡಿದ.
ಅವನಿಗೆ ಹಳದಿ ಸೇರದು, ನನಗೆ ಗೊತ್ತು.
ಆದರೂ.

ಗೋಡೆಯ ಚಾರ್ಟು ಬಿಚ್ಚಿದರೆ ಸುಣ್ಣವೂ ಜೊತೆಗೆ ಬಂತು.
‘ಳ’ದಿಂದ ಶುರುವಾಗುವ ಒಂದೂ ವಸ್ತು ಸಿಗದೆ
ನಡುರಾತ್ರಿ ಬಾಳೆಹಣ್ಣು ಬರೆದಿದ್ದ ಚಾರ್ಟು.
“ನಾಳೆ ಯಾವ ಸಾಲಿಗಿ ಹೊಕ್ಕೀರಿ?” ಯಾರೋ ಕೇಳಿದರು.
ನಾಳೆ ಓದು, ಆಮೇಲೆ ಪರೀಕ್ಷೆ,
ಅದರಾಚೆ ಇನ್ನೊಂದು ಪರೀಕ್ಷೆ, ಅದರಾಚೆ
ಖಾಲಿ ಹುದ್ದೆ ಎಷ್ಟೆಂದು ದಿನಾ ಪೇಪರು ತಿರುವುವುದು.
“ದೂರದ್ದು,” ಅಂದೆ.

ಗೇಟಿನ ಹತ್ತಿರ ತನುಜಾ ಒಂದು ಕಟ್ಟು ಕೈಗಿಟ್ಟಳು.
ನಾನು ಬಾಯಿ ತೆರೆಯುವ ಮೊದಲೇ,
“ಕಾಣಿಕಿ ಅಲ್ರಿ. ಕಡಾ.”
ಲೆಕ್ಕದ ಕಡವೋ, ಅಂಗಡಿಯ ಕಡವೋ,
ಕೇಳಲಿಲ್ಲ.

ಬೆಟಗೇರಿಯಿಂದ ಗದಗದ ಬಸ್ ಸ್ಟ್ಯಾಂಡು
ಹತ್ತು ಎಣಿಸಲು ಸಾಕಾಗುವಷ್ಟು ದೂರ.
ಎಣಿಸಿದೆ. ಹನ್ನೊಂದು.
ಮತ್ತೆ ಎಣಿಸಿದೆ, ಅವಳಂತೆ ಬೆರಳು ಒತ್ತಿ ಒತ್ತಿ.
ಹನ್ನೊಂದೇ.
ತೊಡೆಯ ಮೇಲೆ ಕೊನೆಯ ಪಾಠಯೋಜನೆ,
ಮೌಲ್ಯಮಾಪನದ ಕಾಲಮ್ಮು ಇನ್ನೂ ಖಾಲಿ.
ಏನು ಬರೆಯಲಿ? ಹುಡುಗಿಗೆ ಎಣಿಸಲು ಬಂದಿಲ್ಲ ಎಂದೋ,
ಮೇಲೊಂದು ಕೊಸರು ಹಾಕಿ ಕೊಟ್ಟಿದ್ದಾಳೆ ಎಂದೋ?
ಬಿಚ್ಚಿಯೇ ನೋಡೋಣವೆಂದರೆ
ಉಗುರು ಮುರಿಯಿತೇ ಹೊರತು
ಗಂಟು ಅಲುಗಲಿಲ್ಲ.