ಐದು ನಿಮಿಷ ಬಿಡಬೇಕು

ಇಪ್ಪತ್ತೆರಡು ವರ್ಷ ಕೇಳಿದ ಪ್ರಶ್ನೆ ಇದು,
ತಟ್ಟೆಯಷ್ಟೇ ಬಿಸಿಯಾದ ನಗುವಿಟ್ಟುಕೊಂಡು:
"ಹೇಗೆ ಬೇಯಿಸಲಿ, ಸರ್? ರೇರೋ, ಮೀಡಿಯಮ್ಮೋ?"
ಲಾರಿ ಓಡಿಸುವವರನ್ನು, ದನದ ದಲ್ಲಾಳಿಗಳನ್ನು,
ಮಾರ್ಚಿನಲ್ಲಿ ಪ್ಲಾಟ್ ನದಿಗಿಳಿವ ಬೂದು ಕೊಕ್ಕರೆ ನೋಡಲು
ಕೊರಳಿಗೆ ದುರ್ಬೀನು ಕಟ್ಟಿಕೊಂಡು ಬರುವವರನ್ನು.
ಎಲ್ಡನ್‌ನನ್ನು ಒಮ್ಮೆಯೂ ಕೇಳಿರಲಿಲ್ಲ.

ಅವನದು ಆ ಕಡೆಯ ತುದಿ.
ಪ್ಯಾಕಿಂಗ್ ಪ್ಲಾಂಟಿನ ಮೂರನೇ ಸಾಲು,
ಉಕ್ಕಿನ ಬಲೆಯ ಕೈಗವಸು, ಕೊಕ್ಕೆ, ಚೂರಿ.
ಮಾಂಸ ಅವನ ಪಾಲಿಗೆ ತಣ್ಣಗೆ, ನನ್ನ ಪಾಲಿಗೆ ಬಿಸಿ;
ನಡುವಿನ ಬೆಂಕಿ ಬೇರೆ ಯಾರದೋ.
ಮನೆಯಲ್ಲಿ ನಾವು ತಿಂದದ್ದು ಸೂಪು, ಮೊಟ್ಟೆ, ಡಬ್ಬಿಯ ಬೀನ್ಸು.

ಜನವರಿಯಲ್ಲಿ ಹೋಟೆಲು ಮುಚ್ಚಿತು.
ಹರಾಜಿನಲ್ಲಿ ಕುರ್ಚಿಗಳು ಹೋದವು, ಗೋಡೆಯ ಕೊಂಬು ಹೋಯಿತು.
ಅಡುಗೆಯ ಸಿಪ್ರಿಯಾನೋ ನನಗೆ ಕೊಟ್ಟದ್ದು
ಏಣು ಏಣಿನ ಈ ಕಬ್ಬಿಣದ ಕಾವಲಿ,
ಮತ್ತೆ ನಾಲ್ಕು ಮಾತು:
ಉಪ್ಪು ಮೊದಲೇ. ತೇವ ಒರೆಸು.
ಹೊಗೆ ಎದ್ದ ಮೇಲೆ ಇಡು, ಇಟ್ಟ ಮೇಲೆ ಮುಟ್ಟಬೇಡ.
ಇಳಿಸಿ ಐದು ನಿಮಿಷ ಬಿಡು. ಅದೇ ದೊಡ್ಡದು, ರೋವೀನಾ,
ಅದನ್ನೇ ಜನ ಕೊಡುವುದಿಲ್ಲ.

ಇವತ್ತು ಶನಿವಾರ. ಮೇಜಿಗೆ ಬಿಳಿ ಬಟ್ಟೆ,
ಹಾಸಿಗೆಯದೇ, ನಾಲ್ಕು ಮಡಿಕೆ ಮಾಡಿದ್ದು.
ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ.
ಎಲ್ಡನ್ ಪಾಳಿ ಮುಗಿಸಿ ಬಂದ, ಬೂಟು ಬಾಗಿಲಲ್ಲೇ ಬಿಟ್ಟ,
ಮಾಂಸ ಕಂಡು ಹೆಬ್ಬೆರಳಿಂದ ಒತ್ತಿ
"ಇದು ಹನ್ನೆರಡನೇ ಪಕ್ಕೆಲುಬಿನ ಹತ್ತಿರದ್ದು" ಅಂದ,
ನೆಂಟರ ಗುರುತು ಹಿಡಿದವನ ಹಾಗೆ.

ಏಪ್ರನ್ ಕಟ್ಟಿ, ಕಿವಿಗೆ ಪೆನ್ಸಿಲು ಸಿಕ್ಕಿಸಿ ಕೇಳಿದೆ:
"ಹೇಗೆ ಬೇಯಿಸಲಿ, ಸರ್?"
ನಕ್ಕ. ಆಮೇಲೆ ನಗು ನಿಂತಿತು.
ಜೇಬೆಲ್ಲ ತಡವಿ ಬೀಗದ ಕೈ ಹುಡುಕುವವನ ಮುಖ.
"ಹೇಗಿದ್ದರೂ ಆದೀತು."
ಹಾಗಂದವರನ್ನು ಮತ್ತೊಮ್ಮೆ ಕೇಳುವುದು ನನ್ನ ರೂಢಿ. ಕೇಳಿದೆ.
"ತಾಳು, ಯೋಚಿಸಿ ಹೇಳ್ತೀನಿ."

ಕಾವಲಿ ಕಾದಿತ್ತು. ಇಟ್ಟೆ.
ಚೊರ್ರ್!
ಇಷ್ಟು ವರ್ಷ ತೂಗುಬಾಗಿಲ ಆಚೆಯಿಂದಷ್ಟೇ ಕೇಳಿದ್ದ ಸದ್ದು
ಈಗ ನನ್ನ ಮೊಣಕೈಗೇ ಸಿಡಿಯಿತು.
ಮುಟ್ಟಲಿಲ್ಲ. ಹೊತ್ತು ನೋಡಿ ಮಗುಚಿದರೆ
ಕರಿಗೆರೆಗಳು, ಕಾಪಿ ಪುಸ್ತಕದ ಹಾಗೆ ನೇರ.
ಬೆಣ್ಣೆ ಹಾಕಿದೆ, ಜಜ್ಜಿದ ಬೆಳ್ಳುಳ್ಳಿ ಹಾಕಿದೆ,
ಚಮಚದಲ್ಲಿ ಮೊಗೆಮೊಗೆದು ಮೀಯಿಸಿದೆ.
ಹೊಗೆಗಂಟೆ ಕಿರುಚಿತು; ಪೊರಕೆ ಹಿಡಿಯಿಂದ ಅದರ ಬಾಯಿ ಮುಚ್ಚಿಸಿದೆ.
ಕಿಟಕಿ ತೆರೆದೆ: ಮಂಜಿನ ಗಾಳಿ,
ಕತ್ತಲಲ್ಲೆಲ್ಲೋ ಕೊಕ್ಕರೆಗಳ ಗರಗರ.

ಇಳಿಸಿದೆ. ಐದು ನಿಮಿಷ.
ತಿರುಗಿದರೆ ಎಲ್ಡನ್‌ಗೆ ಕೂತಲ್ಲೇ ನಿದ್ದೆ.
ಚೂರಿ ಹಿಡಿವ ಕೈ ಬಿಳಿ ಬಟ್ಟೆಯ ಮೇಲೆ;
ಚೂರಿ ಇಲ್ಲ, ಬೆರಳು ಮಾತ್ರ ಬಿಚ್ಚಿಲ್ಲ.
ಬೆಂಕಿಯಿಂದ ಇಳಿದದ್ದು ಸುಮ್ಮನಿದ್ದರೆ
ಹೋದ ರಸ ಒಳಕ್ಕೆ ಮರಳುತ್ತದೆ ಅನ್ನುತ್ತಿದ್ದ ಸಿಪ್ರಿಯಾನೋ.
ಬಿಟ್ಟೆ, ಇಬ್ಬರನ್ನೂ.
ಕುರ್ಚಿ ಎಳೆದು ನಾನೂ ಕೂತೆ,
ಗಿರಾಕಿ ಕೂರುವ ಕಡೆ.
ಐದು ಹತ್ತಾಯಿತು, ಇಪ್ಪತ್ತಾಯಿತು,
ತಟ್ಟೆಯಲ್ಲಿ ಬೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತು.

ಕಣ್ಣು ಪೂರ್ತಿ ತೆರೆಯದೆಯೇ ಹೇಳಿದ:
"ಒಳಗೆ ಒಂಚೂರು ಕೆಂಪಿರಲಿ."

ಕೊಯ್ದೆ. ಅಂಚಿನಿಂದ ಅಂಚಿಗೂ ಬೂದಿ ಬಣ್ಣ.
ಆದರೂ ಪೆನ್ಸಿಲು ತೆಗೆದು
ಗ್ಯಾಸಿನ ಬಿಲ್ಲಿನ ಹಿಂದೆ ಬರೆದುಕೊಂಡೆ:
ಒಂದನೇ ಮೇಜು. ಒಳಗೆ ಕೆಂಪು, ಒಂಚೂರು.