ಗೋಡಿ ಈಚೆ ಕೇಳಿದ್ದು

ಹಡಪದ ಈರಣ್ಣನ ಅಂಗಡಿಯಾಗ ನಾಕು ದಿನದಿಂದ ಒಂದ ಜಗಳ:
ಕೊಣ್ಣೂರ ಸಾಹೇಬರ ಹೊಸಾ ಸಿನಿಮಾ
ಮೊದಲಿನ್ಹಂಗ ಐತೋ ಇಲ್ಲೋ.

'ಕೈ ಸೋತಾವ' ಅಂತಾರ ವೀರಭದ್ರ ಮಾಸ್ತರ,
ಅರ್ಧ ಗಡ್ಡ ಬೋಳಿಸೇತಿ, ಅರ್ಧದಾಗ ಇನ್ನೂ ನೊರಿ.
'ಆ ಮೂರು ಸಿನಿಮಾ ಮಾಡಿದಾಂವ ಬ್ಯಾರೆ, ಇಂವ ಬ್ಯಾರೆ.'
ಪರಶುರಾಮಸಾ ಒಪ್ಪೂದಿಲ್ಲ:
'ನಿಮ್ಮ ಕಣ್ಣಿಗೆ ವಯಸ್ಸಾಗೇತ್ರಿ ಮಾಸ್ತರ.
ಮನಶ್ಯಾ ಒಂದ ಬಾವಿ ಎಷ್ಟ ಸಲ ತೋಡಬೇಕು?'
ಆಮ್ಯಾಲೆ ಇಬ್ರೂ ನನ್ನ ಕಡೆ ತಿರುಗತಾರ.
'ಫಕೀರಪ್ಪಾ, ನೀ ಹೇಳು. ಚಿತ್ರಲಕ್ಷ್ಮಿ ಟಾಕೀಜಿನಾಗ
ಇಪ್ಪತ್ತಾರು ವರ್ಷ ಇದ್ದಾಂವ.'

ಇದ್ದೆ. ಒಳಗಲ್ಲ.
ಸೈಕಲ್ ಸ್ಟ್ಯಾಂಡಿನಾಗ,
ತಗಡಿನ ಬಿಲ್ಲೆ ತಂತಿಗೆ ಪೋಣಿಸ್ಕೊಂಡು.

ನನ್ನ ಹತ್ರ ಇದ್ದದ್ದು ಒಂದ ಅಳತಿ.
ಬ್ಯಾರೆ ಸಿನಿಮಾ ಬಿಟ್ಟರ ಮಂದಿ ಓಡಿ ಬರತಿದ್ರು,
ಹ್ಯಾಂಡಲಿಗೆ ಹ್ಯಾಂಡಲ್ ಸಿಕ್ಕಿ ಬೈದಾಟ.
ಕೊಣ್ಣೂರರ ಮೊದಲನೇದು ಬಿಟ್ಟ ರಾತ್ರಿ
ಬೆಟಗೇರಿ ನೇಕಾರರು, ತಲಿಯಾಗ ನೂಲಿನ ಧೂಳು,
ಮಾತಿಲ್ಲದ ಹೊಂಟ್ರು, ಕಾಲ್ನಡಿಗೀಲೆ.
ಹನ್ನೊಂದು ಸೈಕಲ್ ಅಲ್ಲೇ ಉಳದ್ವು.
ಮರುದಿನ ಒಬ್ಬೊಬ್ರ ಬಂದು
ತಪ್ಪು ಮಾಡಿದವರ್ಹಂಗ ಬಿಲ್ಲೆ ಚಾಚಿದ್ರು.
ದುಪ್ಪಟ್ಟು ಬಾಡಗಿ ತಗೊಳಾಕ ನನಗ ಮನಸ ಬರಲಿಲ್ಲ.
ಎರಡನೇದಕ್ಕ ಏಳು. ಮೂರನೇದಕ್ಕ ಒಂಬತ್ತು.
ಒಂದು, ನಲವತ್ತೊಂದನೇ ನಂಬರಿಂದು, ಯಾರೂ ಒಯ್ಯಲೇ ಇಲ್ಲ.
ಅದು ಸಿನಿಮಾದ ಪುಣ್ಯೇವಲ್ಲ ಬಿಡ್ರಿ,
ಅವನಿಗೆ ಬ್ಯಾರೆ ಏನರ ಆಗಿರಬೇಕು.

ಸಿನಿಮಾ? ನೋಡಿಲ್ಲ.
ಸ್ಟ್ಯಾಂಡ್ ಬಿಟ್ಟು ಎದ್ದರ ಬೆಲ್ ಕಳೀತಿದ್ವು,
ಗಾಳಿ ಬಿಡೋ ಹುಡುಗರು ಕಾಯತಿದ್ರು.
ಗೋಡಿಗೆ ಬೆನ್ನ ಹಚ್ಚಿ ಕೇಳತಿದ್ದೆ. ಕಲ್ಲು ಬಿಸಿ ಇರತಿತ್ತು.
ಮಾತು ತಿಳೀತಿರಲಿಲ್ಲ, ಸಪ್ಪಳ ಬರತಿತ್ತು.
ಮೊದಲನೇದರಾಗ, ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ,
ಒಬ್ಬಾಕಿ ಅಳತಿದ್ಲು.
ತಡದು ತಡದು, ನೀರ ಕಾಣದ ಗಂಟಲಿನ ಅಳು.
ದಿನಕ್ಕ ಮೂರು ಸಲ, ಐದು ವಾರ.
ಆಕೀಗೊಂದು ಮಾರಿ ಕೊಟ್ಟೆ, ಹಸರು ಸೀರಿ ಉಡಿಸಿದೆ.
ಮ್ಯಾಟ್ನಿಗೆ ಗಂಡ ಸತ್ತಿರತಿದ್ದ,
ಸೆಕೆಂಡ್ ಶೋಕ್ಕ ಕೂಸು.
ನಮ್ಮವ್ವ ಹ್ವಾದ ವಾರ
ನನಗ ಅಳಾಕ ಪುರಸತ್ತಿರಲಿಲ್ಲ. ಆಕೀನ ಅತ್ಲು.

ಹ್ವಾದ ಐತವಾರ ಮೊಮ್ಮಗಳು ನೀಲಾಂಬಿಕಾ
ಹುಬ್ಬಳ್ಳಿ ಮಾಲಿಗೆ ಕರಕೊಂಡು ಹ್ವಾದ್ಲು.
ನೆಲದ ಕೆಳಗ ಗಾಡಿ ನಿಲ್ಲಸ್ತಾರ ಅಲ್ಲೆ,
ಬಿಲ್ಲೆ ಕೊಡಾವರಿಲ್ಲ, ಡಬ್ಬಿ ಚೀಟಿ ಉಗಳತೈತಿ.
ಯಾರೂ ಏನೂ ಮರಿಯಾಂಗಿಲ್ಲ. ತಾಸಿನ ಲೆಕ್ಕ ಓಡತಿರತೈತಿ.

ಕೊಣ್ಣೂರರ ಸಿನಿಮಾ
ಮೊದಲ ಸಲ ಕಣ್ಣೀಲೆ ನೋಡಿದೆ.
ಚಂದ ಐತಿ. ಪರದೇದಾಗ ಮಳಿ ಬಿದ್ದರ
ಕುರ್ಚಿ ಹಿಂದೂ ಮಳಿ.
ಬಾಜೂದಾಂವ ಗೋವಿನಜೋಳದ ಅರಳು ಮುಕ್ಕತಿದ್ದ.
ಆಮ್ಯಾಲೆ, ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ,
ಆಕಿ.
ತಡದು ತಡದು. ಅದ ಗಂಟಲ.
ಕುರ್ಚಿ ಕೈ ಹಿಡಕೊಂಡು ಎದ್ದ ನಿಂತೆ, ಮಾರಿ ನೋಡೋಣಂತ.
ಪರದೇದಾಗ ಹೆಂಗಸಿಲ್ಲ.
ಬಾವಿ. ಹಗ್ಗ. ಎಣ್ಣಿ ಕಾಣದ ರಾಟಿ.
ಹಿಂದಿನವರು 'ಕುಂದರ್ರೀ ಅಜ್ಜಾ' ಅಂದ್ರು.

'ಅವರ ಮೊದಲನೇ ಸಿನಿಮಾದಾಗಿನ ಸಪ್ಪಳ ಅದು,
ಹಂಗಂಗ ತಂದು ಹಾಕ್ಯಾರಂತ' ನೀಲಾ ಫೋನ್ ನೋಡಿ ಓದಿದ್ಲು.

ಮೂವತ್ನಾಕು ವರ್ಷ
ನಾ ಸೀರಿ ಉಡಿಸಿದ್ದು ಒಂದು ರಾಟಿಗೆ.

ಈಗ ಮಾಸ್ತರ ಕೇಳತಾರ, ಮೊದಲಿನ್ಹಂಗ ಐತೇನ.
ನನ್ನ ಪಾಲಿಂದು ಅರ್ಧ ಸಾಹೇಬರು ಮಾಡಿದ್ದು,
ಅರ್ಧ ಆ ಗೋಡಿ ಮಾಡಿದ್ದು.
ಗೋಡಿ ಕೆಡವಿ ಕಲ್ಯಾಣ ಮಂಟಪ ಕಟ್ಟ್ಯಾರ.

'ಇನ್ನೂ ಎಣ್ಣಿ ಬಿಟ್ಟಿಲ್ಲರಿ' ಅಂದೆ.
ಯಾರಿಗೂ ತಿಳೀಲಿಲ್ಲ.
ಈರಣ್ಣ ಕತ್ತಿ ಒರಸಿದ,
ಮಾಸ್ತರ ನೊರಿ ಒಣಗಿದ ಗಲ್ಲ ಮ್ಯಾಲೆತ್ತಿದ್ರು.