ಲ್ಯಾಬ್ ರೆಕಾರ್ಡ್, ಪ್ರಯೋಗ ನಾಲ್ಕು

ಟೀಚರ್ ಬೋರ್ಡಿನಲ್ಲಿ ಎಮ್ ಬರೆದು
'ಪಿಂಡಂ' ಅಂದರು.
ಹಿಂದಿನ ಬೆಂಚಿನಲ್ಲಿ ಕನ್ನಡ ಶಾಲೆಯಿಂದ ಬಂದ ನಾವು ಮೂವರು.
ಕೃತೇಶ ಕಾಗೆಯ ಹಾಗೆ ಸಣ್ಣಗೆ ಕೂಗಿದ,
ಸುಗಂತಿ ಡೆಸ್ಕಿಗೆ ಹಣೆ ಕೊಟ್ಟು ನಕ್ಕಳು.
ನಮ್ಮ ಪುಸ್ತಕದಲ್ಲಿ ಅದು ದ್ರವ್ಯರಾಶಿ,
ಕೇಳಿದರೆ ಯಾರದೋ ಉಗ್ರಾಣದ ಲೆಕ್ಕ.
ನಾನು ನಗಲಿಲ್ಲ.
ಐತಪ್ಪ ಮಾವನ ಬೊಜ್ಜ ಮುಗಿದು ನಾಲ್ಕು ದಿನವಷ್ಟೆ,
ಬಾಳೆಲೆಯ ಹತ್ತಿರ ಕಾಗೆ ಬರಲು
ಮುಕ್ಕಾಲು ಗಂಟೆ ತೆಗೆದುಕೊಂಡಿತ್ತು.

ಕುಂಬಳೆಯಲ್ಲಿ, ರೈಲು ಹೋದರೆ ನಡುಗುವ ಕಟ್ಟಡದಲ್ಲಿ,
ಮಾವನ ಮೋಟಾರು ವೈಂಡಿಂಗ್ ಅಂಗಡಿ.
ಸುಟ್ಟ ಪಂಪಿನ ಹೊಟ್ಟೆ ಬಗೆದು
ಕರಿ ತಂತಿ ಹೊರಗೆ, ಹೊಸ ತಾಮ್ರ ಒಳಗೆ.
ವಾರ್ನಿಶಿನ ವಾಸನೆ ಅವರ ಬುತ್ತಿಗೂ ಹತ್ತಿತ್ತು.
ಎಷ್ಟು ಸುತ್ತು ಎಂದು ಯಾವ ಸೂತ್ರವೂ ಹೇಳಿಕೊಟ್ಟದ್ದಲ್ಲ,
ಹಳೆಯದನ್ನು ಬಿಚ್ಚುವಾಗ ಎಣಿಸುತ್ತಿದ್ದರು, ತುಳುವಿನಲ್ಲಿ:
ಒಂಜಿ, ರಡ್ಡ್, ಮೂಜಿ...
ನಡುವೆ ಯಾರಾದರೂ ಬಂದರೆ ಒಂದು ಬೆರಳು ಎತ್ತುವುದು ಅಷ್ಟೆ.
ಪಂಚಾಯತಿನವರೂ ಕಾಯಬೇಕು.
ಶನಿವಾರ ಸ್ಟೇಟರು ಎತ್ತಿ ಬೆಂಚಿಗಿಡುವವಳು ನಾನು,
ಸೊಂಟ ಹಿಡಿಯುವಷ್ಟು ಭಾರ.
"ಬಿ.ಎಸ್ಸಿ. ಮುಗಿಸಿದರೆ ಎಂತ ಸಿಗ್ತದೆ?" ಒಮ್ಮೆ ಕೇಳಿದ್ದರು.
ಗೊತ್ತಿಲ್ಲ ಅಂದೆ.
"ಹಾಗಾದರೆ ಒಳ್ಳೆದು" ಅಂದರು.
ಅದೆಂತ ಉತ್ತರವೋ, ಇವತ್ತಿಗೂ ತಿಳಿದಿಲ್ಲ.

ಲೋಲಕದ ಸಮೀಕರಣ ಬೋರ್ಡಿನಲ್ಲಿ ಇಳಿಯುತ್ತಾ ಬಂತು.
ಎಡಗಡೆ ಎಮ್, ಬಲಗಡೆ ಎಮ್.
ಟೀಚರ್ ಎರಡಕ್ಕೂ ಓರೆಗೆರೆ ಎಳೆದು
'ಪಿಂಡಂ ಪೋಯಿ' ಅಂದರು,
ಬಸ್ಸು ಹೋಯಿತು ಅನ್ನುವಷ್ಟು ಸಲೀಸಾಗಿ.
ಭಾರದ್ದೂ ಹಗುರದ್ದೂ ಒಂದೇ ಹೊತ್ತಿನಲ್ಲಿ ಹೋಗಿ ಬರುತ್ತದಂತೆ,
ಉದ್ದ ಮತ್ತು ಭೂಮಿ, ಎರಡೇ ಲೆಕ್ಕಕ್ಕೆ.
ನೋಟಿನಲ್ಲಿ ಬರೆದುಕೊಂಡೆ. ನಂಬಲಿಲ್ಲ.
ಎತ್ತಿದವಳು ನಾನು.

ಬುಧವಾರ ಲ್ಯಾಬು.
ಸಾಲು ತೂತುಗಳ ಹಿತ್ತಾಳೆ ಪಟ್ಟಿ
ಚೂರಿಯಂಚಿನ ಮೇಲೆ ತೂಗುತ್ತದೆ.
ಸ್ಟಾಪ್‌ವಾಚು ಮಿಸ್ರಿಯಾಳ ಕೈಯಲ್ಲಿ, ಎಣಿಕೆ ನನ್ನದು.
ಗಾಳಿ ತಾಗಬಾರದೆಂದು ಫ್ಯಾನು ನಿಲ್ಲಿಸಿದ್ದೇವೆ,
ಬೆವರು ರೀಡಿಂಗಿನ ಮೇಲೆ ಬಿದ್ದು
ಮೂವತ್ತೆರಡರ ಎರಡು ಈಜಿ ಹೋಯಿತು.
ಇಪ್ಪತ್ತು ತೂಗಾಟ, ಒಂಬತ್ತು ತೂತು, ಎರಡೆರಡು ಸಲ.
ಗ್ರಾಫು ಚಂದ ಬಂತು.
ಜಿ ಮಾತ್ರ ಹತ್ತು ಪಾಯಿಂಟ್ ಎಂಟು ನಾಲ್ಕು.

"ಒಂಬತ್ತು ಪಾಯಿಂಟ್ ಏಳು ಎಂಟು ಬರೆ ಮಾರಾಯ್ತಿ,
ಎಲ್ಲರೂ ಬರೆಯುವುದು ಅದನ್ನೇ" ಅಂದಳು ಮಿಸ್ರಿಯಾ.
ಟೀಚರ್ ಪಕ್ಕ ಬಂದು ನಿಂತು, ಎಣಿಸು ಅಂದರು.
ಪಟ್ಟಿ ಬಿಟ್ಟೆ, ವಾಚು ಟಿಕ್ ಅಂತು,
ತುಟಿಯೊಳಗೇ ಬಂತು: ಒಂಜಿ...
'ಅಲ್ಲಿ' ಅಂದರು.
ವಾಚು ಒತ್ತುವಾಗ ಸೊನ್ನೆ ಹೇಳಬೇಕು.
ಹೊರಟದ್ದು ಇನ್ನೂ ಒಂದಾಗಿಲ್ಲ, ಹೋಗಿ ಬಂದರೆ ಒಂದು.

ಮಾವ ಸೊನ್ನೆಯಿಂದ ಎಣಿಸಿದವರಲ್ಲ.
ತಂತಿ ಸ್ಲಾಟಿಗೆ ಬಿದ್ದರೆ ಒಂದು,
ಇಲ್ಲದ್ದನ್ನು ಎಣಿಸುವುದು ಹೇಗೆ?
ಅವರು ಕಟ್ಟಿದ ಮೋಟಾರುಗಳು ಸೀತಾಂಗೋಳಿಯ ತನಕ
ಇವತ್ತೂ ನೀರೆತ್ತುತ್ತಿವೆ.
ಹತ್ತೊಂಬತ್ತು ತೂಗಾಟವನ್ನು ಇಪ್ಪತ್ತೆಂದು ತಿಳಿದ
ಆ ಒಂದು ಮಧ್ಯಾಹ್ನ
ನನ್ನ ಭೂಮಿ
ಎಲ್ಲರ ಭೂಮಿಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತಿತ್ತು.

ಎಲ್ಲ ಮತ್ತೆ ಮಾಡಿದೆವು, ಸೊನ್ನೆ ಸೊನ್ನೆ ಎಂದು ಜೋರಾಗಿ ಹೇಳಿಕೊಂಡು.
ಒಂಬತ್ತು ಪಾಯಿಂಟ್ ಏಳು ಒಂದು.
ಟೀಚರ್ ಸಹಿ ಹಾಕಿದರು.
ಹಳೆಯ ಪುಟ ಹರಿಯಬೇಡ, ಅಡ್ಡಗೆರೆ ಎಳೆ, ಸಾಕು ಅಂದರು.
ಎಳೆದೆ, ಪೆನ್ಸಿಲಿನಲ್ಲಿ.
ಮಿಸ್ರಿಯಾ ಬಾಗಿಲಲ್ಲಿ ನಿಂತು ಬಸ್ಸು ಬಸ್ಸು ಎಂದು ಕೂಗುತ್ತಿದ್ದಳು.
ಪಟ್ಟಿ ಇನ್ನೂ ಸಣ್ಣಗೆ ಆಡುತ್ತಿತ್ತು.
ಕೈಯಿಟ್ಟು ನಿಲ್ಲಿಸಿದೆ,
ಕಳಚಿ ಪೆಟ್ಟಿಗೆಯಲ್ಲಿ ಮಲಗಿಸಿದೆ.
ತಣ್ಣಗಿತ್ತು. ಭಾರವಿತ್ತು.